ಬಚ್ಚಲಿನ ನಲ್ಲಿಯನ್ನು ನೀವೇ ಬದಲಿಸಿರಿ



ತೊಟ್ಟಿಕ್ಕುವ ನಲ್ಲಿಯ ಕೆಳಗೆ ಇಂದು ರಾತ್ರಿ ಒಂದು ಬಿಂದಿಗೆಯನ್ನಿಟ್ಟು ಮಲಗಿರಿ. ಬೆಳಗ್ಗೆ ಅದರಲ್ಲಿ ಕೂಡಿದ ನೀರೇ ನಿಮಗೆ ಲೆಕ್ಕ ಹೇಳುವುದು. ಆ ನೀರು ಊರಿನ ಕಡೆಯ ಮನೆಗೂ ಸಲ್ಲಬೇಕಾದದ್ದು.

ಹಲವು ಸುತ್ತು ತಿರುಗಿಸುವ ನಲ್ಲಿಯು ಬಾಯಿಂದ ಮಾತ್ರ ಸೋರುತ್ತಿದ್ದರೆ ಒಳಗಿನ ವಾಷರ್ ಸವೆದಿರುವುದೇ ಹೆಚ್ಚು. ಅದೊಂದನ್ನೇ ಬದಲಿಸಿ ನೋಡಿರಿ. ಹಿಡಿ ಸುಮ್ಮನೆ ತಿರುಗುತ್ತಿದ್ದರೆ, ಇಲ್ಲವೆ ಮೈ ಸೀಳಿದ್ದರೆ, ಹೊಸ ನಲ್ಲಿಯನ್ನೇ ಹಾಕತಕ್ಕದ್ದು. ಮನೆಗಳಲ್ಲಿ ಸಾಮಾನ್ಯವಾಗಿ ಅರ್ಧ ಅಂಗುಲದ ಅಳತೆ ಇರುತ್ತದೆ.

ಮೊದಲು ವಾಲ್ವ್ ಮುಚ್ಚಿರಿ. ವಾಲ್ವ್ ಇಲ್ಲದಿದ್ದರೆ, ನೀರು ಬಿಡುವ ಹೊತ್ತು ಕಳೆದು ಪೈಪು ಬರಿದಾದ ಮೇಲೆ ಕೈಹಾಕಿರಿ. ಹಳೆಯ ನಲ್ಲಿಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿರಿ. ಇಲ್ಲಿ ಅವಸರ ಬೇಡ. ಗೋಡೆಯೊಳಗಿನ ಪೈಪು ತಿರುಚಿ ಮುರಿದರೆ ಗೋಡೆಯನ್ನೇ ಒಡೆಯಬೇಕಾದೀತು! ಪೈಪು ಹೊರಗಿದ್ದರೆ ಇನ್ನೊಂದು ಸ್ಪ್ಯಾನರಿನಿಂದ ಅದನ್ನು ಹಿಡಿದುಕೊಳ್ಳಿರಿ.

ಹೊಸ ನಲ್ಲಿಯ ತಿರುಪಿನ ತುದಿಯನ್ನು ನಿಮ್ಮ ಮುಖಕ್ಕೆ ಹಿಡಿದು, ಗಡಿಯಾರದ ಮುಳ್ಳು ತಿರುಗುವಂತೆ ಟೆಫ್ಲಾನ್ ಟೇಪನ್ನು ಬಿಗಿಯಾಗಿ ಸುತ್ತಿರಿ. ನಾನು ಮೊದಲ ಸಲ ಉಲ್ಟಾ ಸುತ್ತಿ, ಬಿಗಿಸುವಾಗ ಅದೆಲ್ಲ ಮುದುಡಿ ಹೊರಗೆ ಬಂತು. ಮೊದಲು ಕೈಯಿಂದಲೇ ತಿರುಗಿಸಿರಿ, ಕೊನೆಗಷ್ಟೇ ಸ್ಪ್ಯಾನರ್. ಪ್ಲಾಸ್ಟಿಕ್ ನಲ್ಲಿಗೆ ಕೈಬಿಗಿಯ ಮೇಲೆ ತುಸುವೇ ಸಾಕು. ನಲ್ಲಿಯ ಬಾಯಿ ಕೆಳಮುಖವಾದಾಗ ನಿಲ್ಲಿಸಿರಿ. ಅದನ್ನು ದಾಟಿದರೆ ಹಿಂದಕ್ಕೆ ತಿರುಗಿಸಬೇಡಿರಿ, ಸೋರುತ್ತದೆ. ಪೂರ್ತಿ ಬಿಚ್ಚಿ ಹೊಸ ಟೇಪು ಸುತ್ತಿರಿ.

ಈಗ ವಾಲ್ವನ್ನು ಮೆಲ್ಲಗೆ ತೆರೆದು, ಒಣ ಬಟ್ಟೆಯಿಂದ ಕೂಡಿಕೆಯನ್ನು ಒರೆಸಿ ನೋಡಿರಿ. ರಾತ್ರಿ ಬಿಂದಿಗೆಯನ್ನು ಮತ್ತೆ ಅದೇ ಜಾಗದಲ್ಲಿಡಿರಿ.