ರಾತ್ರಿ ಶಾಲೆಯ ಹುಡುಗರು

ಮುಂಬಯಿಯಲ್ಲಿ ಎಪ್ಪತ್ತು ದಾಟಿದ ಕನ್ನಡಿಗರೊಬ್ಬರನ್ನು ಎಲ್ಲಿ ಓದಿದಿರಿ ಎಂದು ಕೇಳಿ ನೋಡಿ. 'ರಾತ್ರಿ ಶಾಲೆಯಲ್ಲಿ' ಎಂದರೆ, ಆ ಮಾತಿನ ಹಿಂದೆ ಹೆಚ್ಚಾಗಿ ಒಂದು ಹೋಟೆಲೋ ಕ್ಯಾಂಟೀನೋ ಇರುತ್ತದೆ. ತುಳುನಾಡಿನ ಹತ್ತು-ಹನ್ನೆರಡರ ಹುಡುಗ ಊರಿನ ಯಾರದೋ ಜೊತೆ ಬರುತ್ತಿದ್ದ. ನಸುಕಿಗೇ ಎದ್ದು ಟೇಬಲ್ ಒರೆಸಬೇಕು, ಕಪ್ಪು-ಬಸಿ ತೊಳೆಯಬೇಕು. ರಾತ್ರಿ ಅದೇ ಟೇಬಲ್‌ಗಳ ಮೇಲೆ ಮಲಗಬೇಕು. ನಡುವೆ ಧಣಿ ಬಿಟ್ಟುಕೊಟ್ಟರೆ ಸಂಜೆ ಎರಡು-ಮೂರು ತಾಸು ಪಾಠ. ಬಿಡದ ಧಣಿಗಳೂ ಇದ್ದರು. ಬಿಟ್ಟವರಲ್ಲಿ ಕೆಲವರು ಸ್ವತಃ ಹಾಗೆಯೇ ಓದಿ ಗಲ್ಲೆಯ ಮೇಲೆ ಕುಳಿತವರು.

ಈ ಶಾಲೆಗಳ ಬೆನ್ನಿಗೆ ನಿಂತದ್ದು ನಮ್ಮ ಜಾತಿ-ಸಮಾಜದ ಸಂಘಗಳು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಉಚಿತ ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆ ನಡೆಸಿತು. ಮಹಾರಾಷ್ಟ್ರದ ಪಠ್ಯವನ್ನು ಕನ್ನಡದಲ್ಲಿ ಓದಿ, ಎಸ್ಸೆಸ್ಸಿ ಕಟ್ಟಿ, ಮಾಣಿಯಾಗಿದ್ದವನು ಗುಮಾಸ್ತನಾದ, ವಕೀಲನಾದ. ಜಾತಿಯ ಹೆಸರಿನ ಸಂಘಗಳ ಬಗ್ಗೆ ಎಷ್ಟೇ ತಕರಾರಿರಲಿ, ಈ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ.

ಆಮೇಲೆ ಹುಡುಗರು ಬರುವುದು ಕಡಿಮೆಯಾಯಿತು. ಬದಲಾವಣೆ ಶುರುವಾದದ್ದು ಮುಂಬಯಿಯಲ್ಲಲ್ಲ, ಊರಿನ ಗದ್ದೆಯಲ್ಲಿ. 1974ರ ಭೂಸುಧಾರಣೆಯಿಂದ ಗೇಣಿಯ ಗದ್ದೆ ಸ್ವಂತದ್ದಾಯಿತು. ಹಳ್ಳಿಯ ಹತ್ತಿರಕ್ಕೇ ಪ್ರೌಢಶಾಲೆ ಬಂತು. ಕೊಲ್ಲಿ ದೇಶಗಳು ಕರೆದವು. 1998ರಲ್ಲಿ ಕೊಂಕಣ ರೈಲು ಮಂಗಳೂರನ್ನೂ ಮುಂಬಯಿಯನ್ನೂ ಹತ್ತಿರ ತಂದಾಗ, ಅದರಲ್ಲಿ ಹತ್ತಿದವರು ಓದಿ ಮುಗಿಸಿದ ತರುಣರು. ಹೋಟೆಲು-ಧಾಬಾಗಳಲ್ಲಿ ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸಬಾರದೆಂದು ಕೇಂದ್ರ ಸರಕಾರ ನಿಷೇಧ ತಂದದ್ದು 2006ರಲ್ಲಿ. ಅಷ್ಟರಲ್ಲಿ ನಮ್ಮ ಊರುಗಳು ಆ ಕಟ್ಟಳೆಯನ್ನು ಬಹುಪಾಲು ತಾವೇ ಜಾರಿ ಮಾಡಿದ್ದವು!

ರಾತ್ರಿ ಶಾಲೆಯಲ್ಲಿ ಓದಿದ ಅಪ್ಪಂದಿರು ಮಕ್ಕಳನ್ನು ಕಳಿಸಿದ್ದು ಇಂಗ್ಲಿಷ್ ಮಾಧ್ಯಮಕ್ಕೆ. ಸಂಘಗಳೂ ಅದೇ ದಾರಿ ಹಿಡಿದವು: ಮೊಗವೀರ ಮಂಡಳಿಯ ಶಿಕ್ಷಣ ಸಂಕುಲ ಅಂಧೇರಿಯಲ್ಲಿ, ಬಂಟರ ಸಂಘದ್ದು ಪೊವಾಯಿಯಲ್ಲಿ ಬೆಳೆದವು. ರಾತ್ರಿ ಶಾಲೆಗೆ ಕನ್ನಡದ ಮಕ್ಕಳಿಲ್ಲವೆಂದು ಮರುಗುವವರ ಸಂಕಟ ನನ್ನದೂ ಹೌದು. ಮುಂಬಯಿಯಲ್ಲಿ ನಮ್ಮ ಭಾಷೆ ಪ್ರತಿ ಸಂಜೆ ಬೆಂಚಿನ ಮೇಲೆ ಕೂರುತ್ತಿದ್ದ ಜಾಗ ಅದು. ಆದರೆ ಆ ಬೆಂಚು ತುಂಬಿದ್ದು ಹುಡುಗರ ಬಡತನದಿಂದ ಎಂಬುದನ್ನು ಮರೆತು ಅಳಲಾರೆ.

ಈಗ ಮಾಟುಂಗದಲ್ಲೋ ಫೋರ್ಟಿನಲ್ಲೋ ಉಡುಪಿ ಹೋಟೆಲಿಗೆ ಹೋದರೆ ಇಡ್ಲಿ ತಂದಿಡುವವನು ಉತ್ತರ ಪ್ರದೇಶದವನಿರಬಹುದು, ಒಡಿಶಾದವನಿರಬಹುದು, ನೇಪಾಳದವನೂ ಇರಬಹುದು. ಹದಿನೆಂಟು-ಇಪ್ಪತ್ತರ ಪ್ರಾಯ, ಎಷ್ಟೋ ಮಂದಿ ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ಓದು ಬಿಟ್ಟವರು. ನಮ್ಮ ಸಂಘಗಳ ಕಟ್ಟಡಗಳಲ್ಲಿ ಸಂಜೆ ಹೊತ್ತು ಕೋಣೆಗಳು ಖಾಲಿ ಸಿಕ್ಕಾವು. ಪಾಠ ಹಿಂದಿಯಲ್ಲೇ ನಡೆಯಲಿ, ಆ ಬೆಂಚುಗಳನ್ನು ಇವರಿಗೆ ಬಿಟ್ಟುಕೊಡಬಾರದೇ?