ಶಹಾಬಾದ್ ಕಲ್ಲಿನ ಮೇಲೊಂದು ರೋಬೋ

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ... ಈ ಭಾಗದ ಹಳೇ ಮನೆಗಳಿಗೆ ಕಾಲಿಟ್ಟರೆ ಮೊದಲು ತಾಗೋದು ಶಹಾಬಾದ್ ಕಲ್ಲು. ಚೌಕ ಚೌಕ ಹಾಸು. ವೀಕ್ಷಕರೇ, ನಿಮ್ಮ ಮಗುವಿನ ಮೊದಲ ಕಂಪ್ಯೂಟರ್ ಅದೇ ಆಗಬಹುದು! ಹೇಗೆ ಅಂತೀರಾ?

ಮಗುವನ್ನ ಒಂದು ಚೌಕದ ಮೇಲೆ ನಿಲ್ಲಿಸಿ. ಅದೇ ರೋಬೋ. ಆದೇಶ ಮೂರೇ: ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಒಂದು ಚೌಕ ಮುಂದೆ ಹೋಗು. ತಿರುಗಿದಾಗ ಚೌಕ ಬದಲಾಗಲ್ಲ, ಮುಖ ಮಾತ್ರ ಬದಲಾಗುತ್ತೆ.

ಕಂಪ್ಯೂಟರಿಗೆ ದಿಕ್ಕು ಗೊತ್ತಿಲ್ಲ, ಅಂಕಿ ಗೊತ್ತು. ಉತ್ತರ 0, ಪೂರ್ವ 1, ದಕ್ಷಿಣ 2, ಪಶ್ಚಿಮ 3. ಬಲಕ್ಕೆ ತಿರುಗಿದರೆ 1 ಕೂಡಿಸಿ. ಎಡಕ್ಕೆ? ಎಂಜಿನಿಯರಿಂಗ್ ಓದುವಾಗ ನಾನು ಎಡವಿದ್ದು ಇಲ್ಲೇ. ಉತ್ತರದ 0ಯಿಂದ 1 ಕಳೆದೆ, ಮೈನಸ್ 1 ಬಂತು. ಅದ್ಯಾವ ದಿಕ್ಕು ಸ್ವಾಮಿ? ಕಳೆಯಬೇಡಿ, 3 ಕೂಡಿಸಿ. ಮೊತ್ತವನ್ನ 4ರಿಂದ ಭಾಗಿಸಿ, ಶೇಷವೇ ಹೊಸ ದಿಕ್ಕು. ಪಶ್ಚಿಮದಿಂದ ಬಲಕ್ಕೆ ತಿರುಗಿದರೆ 3+1=4, ಶೇಷ 0. ಉತ್ತರ!

ಅಮೆರಿಕದ ರಿಚರ್ಡ್ ಪ್ಯಾಟಿಸ್ 1981ರ ಪುಸ್ತಕದಲ್ಲಿ ಪರಿಚಯಿಸಿದ 'ಕರೆಲ್' ರೋಬೋಗೆ ಬಲಕ್ಕೆ ತಿರುಗೋ ಆದೇಶವೇ ಇಲ್ಲ. ಮೂರು ಸಲ ಎಡಕ್ಕೆ ತಿರುಗಿದರೆ ಬಲ. ಅದೇ 3ರ ಲೆಕ್ಕ!

ಇನ್ನೊಂದು ಮಾತು. ಎದುರಿಗೆ ಗೋಡೆ ಇದೆಯಾ ಅಂತ ನೋಡದೆ 'ಮುಂದೆ' ಅಂದರೆ ರೋಬೋ ಗೋಡೆಗೇ ಗುದ್ದುತ್ತೆ. ತಪ್ಪು ಅದರದ್ದಲ್ಲ, ಆದೇಶ ಕೊಟ್ಟವರದ್ದು.

ಶಾಲೆಗೆ ಲ್ಯಾಬ್ ಬೇಕು, ಗಟ್ಟಿಯಾಗಿಯೇ ಕೇಳೋಣ. ಆದರೆ ಅದು ಬರೋವರೆಗೆ ಮಕ್ಕಳು ಯಾಕೆ ಕಾಯಬೇಕು? ಕೈಯಲ್ಲಿ ಸೀಮೆಸುಣ್ಣ ಇದೆ, ಕಾಲ ಕೆಳಗೆ ಕಲ್ಲಿದೆ. ಇವತ್ತೇ ಶುರುಮಾಡಿ.