ದೂರದರ್ಶನ ನಾಟಕದಲ್ಲಿ ಚಲಚ್ಚಿತ್ರಕಲೆಯ ಉಪಯೋಗ

ದೂರದರ್ಶನದ ನಾಟಕವು ಮೂಲತಃ ರಂಗಭೂಮಿಯ ಶಿಶು. ೧೯೩೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅದು ಉದಿಸಿದಾಗ, ನಟರು ಸ್ಟುಡಿಯೋದೊಳಗೆ ಅಭಿನಯಿಸುತ್ತಿರುವಂತೆಯೇ ದೃಶ್ಯವು ಪ್ರಸಾರವಾಗುತ್ತಿದ್ದಿತು. ಆದುದರಿಂದ ಕಥೆಯ ಭಾರವೆಲ್ಲವೂ ಮಾತಿನ ಮೇಲೆಯೇ ಬಿದ್ದಿತು. ಚಲಚ್ಚಿತ್ರಕಲೆಯು ಈ ಭಾರವನ್ನು ಹೇಗೆ ಹಂಚಿಕೊಳ್ಳಬಲ್ಲುದೆಂಬುದಕ್ಕೆ ೧೯೮೬ರ ‘ಮಾಲ್ಗುಡಿ ಡೇಸ್’ ಮಾಲಿಕೆಯು ಉತ್ತಮ ನಿದರ್ಶನವಾಗಿದೆ.

ಆರ್. ಕೆ. ನಾರಾಯಣರ ಇಂಗ್ಲಿಷ್ ಕಥೆಗಳನ್ನಾಧರಿಸಿದ ಈ ಮಾಲಿಕೆಯನ್ನು ನಿರ್ದೇಶಿಸಿದವರು ಶಂಕರ್ ನಾಗ್. ಅವರು ಅದಕ್ಕೆ ಮೊದಲೇ ‘ಮಿಂಚಿನ ಓಟ’ (೧೯೮೦) ಮುಂತಾದ ಚಲಚ್ಚಿತ್ರಗಳನ್ನು ನಿರ್ದೇಶಿಸಿದ್ದರು, ಛಾಯಾಗ್ರಾಹಕರಾದ ಎಸ್. ರಾಮಚಂದ್ರರು ‘ಘಟಶ್ರಾದ್ಧ’ವನ್ನು (೧೯೭೭) ಚಿತ್ರೀಕರಿಸಿದವರು.

ನಾರಾಯಣರ ಕಥೆಗಳಲ್ಲಿ ಘಟನೆಗಳು ಅಲ್ಪ. ಸ್ವಾರಸ್ಯವಿರುವುದು ನಿರೂಪಕನ ಮೃದುಹಾಸ್ಯದಲ್ಲಿ. ಸಂಭಾಷಣೆಯನ್ನು ಮಾತ್ರ ಆಯ್ದುಕೊಂಡರೆ ಆ ಹಾಸ್ಯವು ನಷ್ಟವಾಗುತ್ತದೆ. ಅದನ್ನು ಉಳಿಸಿಕೊಳ್ಳುವ ಮೊದಲನೆಯ ಸಾಧನವು ಸಮೀಪದೃಶ್ಯ. ಮದುವೆಯೊಂದು ನಿಲ್ಲಬಾರದೆಂದು ಸಾವಿನ ತಂತಿಯನ್ನು ಬಚ್ಚಿಡುವ ಅಂಚೆಯವನ ಕಥೆಯನ್ನೇ ನೋಡಬಹುದು. ಅವನು ತನ್ನ ಗುಟ್ಟನ್ನು ಯಾರಿಗೂ ಹೇಳುವಂತಿಲ್ಲ. ರಂಗದ ಮೇಲೆ ಇದಕ್ಕೆ ಸ್ವಗತವೊಂದು ಬೇಕಾದೀತು. ತೆರೆಯ ಮೇಲೆ ಹತ್ತಿರದಿಂದ ಕಂಡ ಮುಖದ ಮೌನವೇ ಸಾಕು.

ಎರಡನೆಯದು ಬೆಳಕು ಮತ್ತು ಧ್ವನಿ. ತಂದೆಯ ಕಚೇರಿಯಲ್ಲಿ ಒಂಟಿಯಾಗಿ ಮಲಗಬೇಕಾದ ಬಾಲಕ ಸ್ವಾಮಿಯ ಭೀತಿಯನ್ನು ಕಥೆಗಾರನು ವಾಕ್ಯಗಳಿಂದ ವರ್ಣಿಸಬಲ್ಲನು. ದೃಶ್ಯಕಾವ್ಯದಲ್ಲಿ ಆ ಕಾರ್ಯವನ್ನು ನೆರಳೂ ನಿಶ್ಶಬ್ದವೂ ಅಲ್ಪ ಸದ್ದೂ ನೆರವೇರಿಸಬೇಕಾಗುತ್ತದೆ.

ಮೂರನೆಯದು ಸ್ಥಳ. ಕಲ್ಪಿತವಾದ ಮಾಲ್ಗುಡಿಯನ್ನು ಮಲೆನಾಡಿನ ಆಗುಂಬೆಯಲ್ಲಿ ಬಹುಮಟ್ಟಿಗೆ ಚಿತ್ರೀಕರಿಸಲಾಯಿತು. ಅಲ್ಲಿಯ ಹಳೆಯ ‘ದೊಡ್ಡಮನೆ’ಯು ಸ್ವಾಮಿಯ ಮನೆಯಾಯಿತು. ಇಲ್ಲಿಯೇ ದೂರದರ್ಶನದ ಸ್ವಂತ ಶಕ್ತಿಯೂ ವಿದಿತವಾಗುತ್ತದೆ. ಎರಡು ಮೂರು ಗಂಟೆಗಳಲ್ಲಿ ಮುಗಿಯುವ ಚಿತ್ರದಲ್ಲಿ ಊರು ಹಿನ್ನೆಲೆಯಾಗಿ ಉಳಿಯಬಹುದು. ವಾರವಾರವೂ ಮರಳಿ ಕಾಣುವ ಊರು ನೋಡುವವರಿಗೆ ಪರಿಚಿತವಾಗಿ, ತಾನೇ ಒಂದು ಪಾತ್ರವಾಗುತ್ತದೆ. ಎಲ್. ವೈದ್ಯನಾಥನ್ನರ ಸಂಗೀತವೂ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳೂ ಬಿಡಿ ಕಥೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದವು.

ಚಲಚ್ಚಿತ್ರದ ಎಲ್ಲ ವೈಭವವೂ ಕಿರಿದಾದ ತೆರೆಗೆ ಒಗ್ಗುವುದಿಲ್ಲ. ಅಂದಿನ ಪುಟ್ಟ ಪೆಟ್ಟಿಗೆಯಲ್ಲಿ ವಿಶಾಲದೃಶ್ಯವು ಕುಗ್ಗುತ್ತಿದ್ದಿತು; ಮುಖವಾದರೋ ಮನೆಯವರ ಮುಖದಷ್ಟೇ ಸಮೀಪವಾಗುತ್ತಿದ್ದಿತು. ಆದುದರಿಂದ ತಂತ್ರದ ಬೆಲೆಯು ಅದರ ಬೆಡಗಿನಲ್ಲಿಲ್ಲ. ಮಾತು ಹೇಳಲಾರದುದನ್ನು ಅದು ಹೇಳಿತೇ ಎಂಬುದರಲ್ಲಿದೆ.